ಅಕಾರದ ಹಾಡುಗಳು: ಜಪಾನಿನ ಒಂದು ಚರಿತ್ರೆ

ಅಕಾರಾದಿ ಎಂಬುದು ಒಂದು ವಿಚಿತ್ರ ವ್ಯವಸ್ಥೆ. ನಿಘಂಟು ತೆರೆದರೆ 'ಅರಮನೆ'ಯ ಆಸುಪಾಸಿನಲ್ಲೇ 'ಅರೆಹೊಟ್ಟೆ'ಯೂ ಇರುತ್ತದೆ. ಯಾರ ಪಕ್ಕದಲ್ಲಿ ಯಾರು ಕೂರಬೇಕೆಂದು ಅಲ್ಲಿ ತೀರ್ಮಾನಿಸುವುದು ಅಂತಸ್ತಲ್ಲ, ಮೊದಲ ಅಕ್ಷರ. ಗಜಲುಗಳ ಸಾಂಪ್ರದಾಯಿಕ ದಿವಾನುಗಳಲ್ಲಿ ಕೊನೆಯ ಅಕ್ಷರವನ್ನು ನೋಡಿ ಕ್ರಮ ಹಚ್ಚುವ ಪದ್ಧತಿಯಿದೆ. ಅಲ್ಲಿಯೂ ವಿರಹದ ಗಜಲಿನ ಪಕ್ಕದಲ್ಲಿ ವಿನೋದದ ಗಜಲು ಬಂದು ಕೂರುತ್ತದೆ. ಹೀಗೆ ಅಕ್ಷರದ ನೆಪದಲ್ಲಿ ಒಂದೆಡೆ ಸೇರಿದವರು ಪರಸ್ಪರ ಏನು ಮಾತನಾಡಿಕೊಳ್ಳುತ್ತಾರೆ ಎಂದು ಕಿವಿಗೊಟ್ಟು ಕೇಳಿದರೆ, ಕೆಲವೊಮ್ಮೆ ಚರಿತ್ರೆಯ ಪುಸ್ತಕಗಳು ಹೇಳದ ಸಂಗತಿಗಳೂ ತಿಳಿಯುತ್ತವೆ.

2007ರ ಜನವರಿಯಲ್ಲಿ ಜಪಾನ್ ಸರಕಾರದ ಸಾಂಸ್ಕೃತಿಕ ಇಲಾಖೆಯು ಅಲ್ಲಿನ ಪಾಲಕ-ಶಿಕ್ಷಕರ ರಾಷ್ಟ್ರೀಯ ಸಂಘದ ಜೊತೆಗೂಡಿ, ಹೆತ್ತವರು ಮಕ್ಕಳೊಂದಿಗೆ ಹಾಡಿ ಮುಂದಿನ ತಲೆಮಾರಿಗೆ ದಾಟಿಸಬೇಕಾದ ಹಾಡುಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಹೆಸರಿಗೆ ಅದು ನೂರು ಹಾಡುಗಳ ಪಟ್ಟಿ. ಆದರೆ ಆರಿಸುತ್ತಾ ಹೋದಾಗ 101 ಆಯಿತು. ಪಟ್ಟಿಯನ್ನು ಜಪಾನಿ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿರುವುದರಿಂದ ಮೊದಲಿಗೆ ಬರುವುದು 'ಅ'ಕಾರದ ಹಾಡುಗಳು. 'ಅಓಗೆಬಾ ತೋತೋಶಿ', 'ಅಕಾಯ್ ಕುತ್ಸು', 'ಅಕಾ ತೊಂಬೊ', 'ಅನೊ ಮಾಚಿ ಕೊನೊ ಮಾಚಿ', 'ಅಮೆಫುರಿ' ಮುಂತಾದವು. ಜಪಾನಿ ಭಾಷೆಯಲ್ಲಿ ಕೆಂಪಿಗೆ 'ಅಕಾ', ನೀಲಿಗೆ 'ಅಓ', ಮಳೆಗೆ 'ಅಮೆ', ಬೆಳಗಿಗೆ 'ಅಸಾ', ಶರತ್ಕಾಲಕ್ಕೆ 'ಅಕಿ' ಎನ್ನುತ್ತಾರೆ. ನಾವು 'ಆ ಊರು' ಎನ್ನುವಲ್ಲಿ ಅವರು 'ಅನೊ' ಎನ್ನುತ್ತಾರೆ. ಬಣ್ಣ, ಮಳೆ, ಬೆಳಗು, ದೂರದೂರು ಇವೆಲ್ಲ ಮಕ್ಕಳ ಹಾಡಿಗೆ ಬೇಕಾದ ಸಾಮಗ್ರಿಗಳೇ. ಆದ್ದರಿಂದ ಈ ಅಕ್ಷರದ ಮನೆಯಲ್ಲಿ ಮಕ್ಕಳ ಹಾಡುಗಳು ತುಂಬಿಕೊಂಡಿರುವುದು ಆಶ್ಚರ್ಯವೇನಲ್ಲ.

ಈ ಹಾಡುಗಳ ಕತೆ ಹೇಳುವ ಮೊದಲು ಅವುಗಳನ್ನು ಸಾಲಾಗಿ ನಿಲ್ಲಿಸಿದ ಕ್ರಮದ ಕತೆಯನ್ನು ಹೇಳಬೇಕು. ಏಕೆಂದರೆ ಅದು ನಮಗೂ ಸಂಬಂಧಪಟ್ಟದ್ದು.

ಜಪಾನಿ ಲಿಪಿಯಲ್ಲಿ 'ಕನಾ' ಎಂದು ಕರೆಯುವ ಅಕ್ಷರಗಳು ಒಂದೊಂದೂ ಒಂದು ಉಚ್ಚಾರವನ್ನು ಸೂಚಿಸುತ್ತವೆ. ಅವುಗಳನ್ನು ಜೋಡಿಸುವ ಎರಡು ಪದ್ಧತಿಗಳು ಅಲ್ಲಿ ಬಹುಕಾಲ ಜೊತೆಜೊತೆಯಾಗಿ ಇದ್ದವು. ಒಂದು 'ಇರೋಹ'. 47 ಅಕ್ಷರಗಳನ್ನು ಒಂದೂ ಮರುಕಳಿಸದಂತೆ ಬಳಸಿ, ಲೋಕದ ಅನಿತ್ಯತೆಯನ್ನು ಹೇಳುವ ಪದ್ಯವದು. ಅದರ ಅತ್ಯಂತ ಹಳೆಯ ದಾಖಲೆ 1079ರದು. ಇನ್ನೊಂದು 'ಗೊಜೂಓನ್', ಅಂದರೆ ಐವತ್ತು ಧ್ವನಿಗಳ ಪಟ್ಟಿ. ಅದರ ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳ ಸಾಲು ಕ, ಸ, ತ, ನ, ಹ, ಮ, ಯ, ರ, ವ. ಕನ್ನಡ ಶಾಲೆಯ ಒಂದನೇ ತರಗತಿ ಓದಿದ ಯಾರಿಗಾದರೂ ಈ ಸಾಲು ಪರಿಚಿತವೆನಿಸದೇ ಇರದು. ಹಿಂದಿನ ಕಾಲದ ಜಪಾನಿಯಲ್ಲಿ 'ಸ'ಕಾರದ ಉಚ್ಚಾರ 'ಚ'ಕಾರಕ್ಕೆ ಹತ್ತಿರವಿತ್ತೆಂದೂ 'ಹ'ಕಾರವು 'ಪ'ಕಾರವಾಗಿತ್ತೆಂದೂ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆ ಬದಲಾವಣೆಗಳನ್ನು ಹಿಂದಕ್ಕೆ ತಿರುಗಿಸಿದರೆ ಕ, ಚ, ತ, ನ, ಪ, ಮ, ಯ, ರ, ವ ಎಂದಾಗುತ್ತದೆ. ಅದು ನಮ್ಮದೇ ವರ್ಣಮಾಲೆ.

ಇದು ಕಾಕತಾಳೀಯವಲ್ಲ. ಭಾರತದ ಬೋಧಿಸೇನನೆಂಬ ಭಿಕ್ಷು ಕ್ರಿ.ಶ. 736ರಲ್ಲಿ ಜಪಾನಿಗೆ ಹೋಗಿ, 752ರಲ್ಲಿ ನಾರಾ ನಗರದ ಮಹಾಬುದ್ಧನ ಮೂರ್ತಿಗೆ ಕಣ್ಣು ಬರೆಯುವ ವಿಧಿಯನ್ನು ನೆರವೇರಿಸಿದ್ದ. ಒಂಬತ್ತನೇ ಶತಮಾನದ ಆರಂಭದಲ್ಲಿ ಕೂಕಾಯ್ ಎಂಬ ಜಪಾನಿ ಭಿಕ್ಷು ಚೀನಾಕ್ಕೆ ಹೋಗಿ, ಅಲ್ಲಿದ್ದ ಪ್ರಜ್ಞನೆಂಬ ಗುರುವಿನ ಬಳಿ ಸಂಸ್ಕೃತ ಕಲಿತು 806ರಲ್ಲಿ ಮರಳಿದ. ಮಂತ್ರಗಳನ್ನು ಸರಿಯಾಗಿ ಉಚ್ಚರಿಸಲೆಂದು ಮಠಗಳಲ್ಲಿ ಸಿದ್ಧಂ ಲಿಪಿಯ ಅಭ್ಯಾಸ ನಡೆಯಿತು. ಆ ಅಭ್ಯಾಸದ ಫಲವಾಗಿ ತಮ್ಮ ಭಾಷೆಯ ಧ್ವನಿಗಳನ್ನೂ ಸ್ಥಾನ-ಪ್ರಯತ್ನಗಳ ಪ್ರಕಾರ ಜೋಡಿಸಲು ಅವರು ಕಲಿತರು. ಹೀಗೆ ಗಂಟಲಿನಿಂದ ತುಟಿಯವರೆಗೆ ನಡೆದು ಬರುವ ಭಾರತದ ಅಕ್ಷರಕ್ರಮ ಜಪಾನನ್ನು ಸೇರಿತು.

ಆದರೂ ಜನಸಾಮಾನ್ಯರ ಬಾಯಲ್ಲಿ ಇದ್ದದ್ದು ಇರೋಹವೇ. ಒತ್ಸುಕಿ ಫುಮಿಹಿಕೊ ಎಂಬ ವಿದ್ವಾಂಸರು 1889ರಿಂದ 1891ರವರೆಗೆ 'ಗೆನ್‌ಕಾಯ್' ಎಂಬ ನಿಘಂಟನ್ನು ಗೊಜೂಓನ್ ಕ್ರಮದಲ್ಲಿ ಹೊರತಂದರು. ಅದನ್ನು ನೋಡಿದ ಚಿಂತಕ ಫುಕುಜಾವಾ ಯುಕಿಚಿ, ಚಪ್ಪಲಿ ಇಡುವ ಗೂಡುಗಳಿಗೂ ಇರೋಹವೇ ಇರುವಾಗ ಇದೇನು ಹೊಸ ಕ್ರಮ ಎಂದು ಮುಖ ಸಿಂಡರಿಸಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಕೊನೆಗೆ ಗೆದ್ದದ್ದು ಗೊಜೂಓನ್. ಇಂದು ಜಪಾನಿನ ನಿಘಂಟು, ಹಾಜರಿ ಪಟ್ಟಿ, ಹಾಡಿನ ಪುಸ್ತಕಗಳ ಸೂಚಿ ಎಲ್ಲವೂ ಅದೇ ಕ್ರಮದಲ್ಲಿವೆ.

ಈಗ ಹಾಡುಗಳ ಕಡೆಗೆ ಬರೋಣ. 2007ರ ಪಟ್ಟಿಯ ಮೊಟ್ಟಮೊದಲ ಹಾಡು 'ಅಓಗೆಬಾ ತೋತೋಶಿ'. ಗುರುಗಳ ಉಪಕಾರವನ್ನು ಸ್ಮರಿಸುತ್ತಾ ಶಾಲೆಯಿಂದ ಬೀಳ್ಕೊಳ್ಳುವ ಹಾಡು. 1884ರಲ್ಲಿ ಶಿಕ್ಷಣ ಇಲಾಖೆಯ ಸಂಗೀತ ಪಠ್ಯದ ಮೂರನೇ ಭಾಗದಲ್ಲಿ ಅದು ಅಚ್ಚಾಯಿತು. ಆ ಕಾಲದ ಜಪಾನ್ ಪಾಶ್ಚಾತ್ಯರ ಎಲ್ಲವನ್ನೂ ಅವಸರದಿಂದ ಕಲಿಯುತ್ತಿತ್ತು. ಇಸಾವಾ ಶೂಜಿ ಎಂಬ ಶಿಕ್ಷಣಾಧಿಕಾರಿ, ಅಮೆರಿಕದ ಸಂಗೀತ ಶಿಕ್ಷಕ ಲೂಥರ್ ವೈಟಿಂಗ್ ಮೇಸನ್‌ರನ್ನು 1880ರಲ್ಲಿ ಕರೆಸಿಕೊಂಡು ಶಾಲಾ ಗೀತೆಗಳನ್ನು ಸಿದ್ಧಪಡಿಸಿದರು. ಪರದೇಶದ ಧಾಟಿಗೆ ಜಪಾನಿ ಮಾತನ್ನು ಕೂರಿಸುವುದು ಅವರ ಕ್ರಮವಾಗಿತ್ತು. ಸ್ಕಾಟ್‌ಲೆಂಡಿನ ಒಂದು ಹಳೆಯ ಧಾಟಿ ಹೀಗೆಯೇ ಮಿಂಚುಹುಳದ ಬೆಳಕಿನ ಹಾಡಾಯಿತು. ಆದರೆ 'ಅಓಗೆಬಾ ತೋತೋಶಿ'ಯ ಧಾಟಿ ಎಲ್ಲಿಂದ ಬಂತೆಂದು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಯಾರಿಗೂ ತಿಳಿಯಲಿಲ್ಲ. ಜಪಾನಿಯರದೇ ರಚನೆಯಿರಬೇಕು ಎಂದವರೂ ಇದ್ದರು. 2011ರಲ್ಲಿ ಸಂಶೋಧಕ ಸಕುರಾಯ್ ಮಸಾತೊ ಅದರ ಮೂಲವನ್ನು ಪತ್ತೆ ಹಚ್ಚಿದರು. 1871ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಶಾಲಾ ಹಾಡಿನ ಪುಸ್ತಕವೊಂದರಲ್ಲಿ ಅದೇ ಧಾಟಿಯ ಬೀಳ್ಕೊಡುಗೆ ಹಾಡಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ. ಅದಕ್ಕೆ ಮತ್ತೆ ಬರಲಿಕ್ಕಿದೆ.

ಶಾಲೆಯ ಹಾಡುಗಳು ಉಪದೇಶದ ಭಾರದಿಂದ ಬಳಲಿವೆ, ಮಕ್ಕಳಿಗೆ ಅವರದೇ ಮನಸ್ಸಿನ ಹಾಡು ಬೇಕು ಎಂಬ ಕೂಗು ಎದ್ದದ್ದು 1918ರಲ್ಲಿ. ಆ ಜುಲೈಯಲ್ಲಿ ಸಾಹಿತಿ ಸುಜುಕಿ ಮಿಯೆಕಿಚಿ 'ಅಕಾಯ್ ತೊರಿ' ಎಂಬ ಮಕ್ಕಳ ಮಾಸಿಕವನ್ನು ಆರಂಭಿಸಿದರು. ಹೆಸರಿನ ಅರ್ಥ 'ಕೆಂಪು ಹಕ್ಕಿ'. ನೋಡಿ, ಇದೂ ಅಕಾರವೇ. ಅಕುತಗಾವಾ ರ್ಯೂನೊಸುಕೆಯವರ ಪ್ರಸಿದ್ಧ ಕತೆ 'ಜೇಡರ ಎಳೆ' ಅದರ ಮೊದಲ ಸಂಚಿಕೆಯಲ್ಲಿ ಬಂತು. ಕವಿ ಕಿತಹಾರಾ ಹಕುಶೂ ಹಾಡುಗಳ ವಿಭಾಗವನ್ನು ನೋಡಿಕೊಂಡರು. ಕೆಂಪು ಹಣ್ಣು ತಿಂದು ಕೆಂಪಾದ ಪುಟ್ಟ ಹಕ್ಕಿಯ ಬಗ್ಗೆ ಅವರು ಬರೆದ 'ಅಕಾಯ್ ತೊರಿ ಕೊತೊರಿ' ಅದೇ ವರ್ಷ ಪ್ರಕಟವಾಯಿತು. ಹಿಂದಿನಿಂದಲೇ 'ಕಿನ್ ನೊ ಫುನೆ' (ಚಿನ್ನದ ಹಡಗು) ಮುಂತಾದ ಪತ್ರಿಕೆಗಳು ಬಂದವು. ಈ ಹೊಸ ಬಗೆಯ ಹಾಡುಗಳಿಗೆ 'ದೋಯೋ' ಎಂಬ ಹೆಸರಾಯಿತು. ದೇಶದ ದೊಡ್ಡ ಕವಿಗಳೂ ಸಂಗೀತಗಾರರೂ ಮಕ್ಕಳಿಗಾಗಿ ಕೂತು ಬರೆದ ಆ ಹತ್ತು ಹನ್ನೆರಡು ವರ್ಷಗಳು ಜಪಾನಿನ ಸಾಂಸ್ಕೃತಿಕ ಚರಿತ್ರೆಯಲ್ಲೇ ಅಪರೂಪದವು.

ಆ ಕಾಲದ ಅತ್ಯಂತ ಪ್ರೀತಿಯ ಹಾಡು 'ಅಕಾ ತೊಂಬೊ', ಅಂದರೆ 'ಕೆಂಪು ಕೊಡತಿ ಕೀಟ' ಅಥವಾ ನಮ್ಮ ಮಕ್ಕಳ ಮಾತಿನಲ್ಲಿ 'ಕೆಂಪು ಏರೋಪ್ಲೇನ್ ಚಿಟ್ಟೆ'. ಬರೆದವರು ಮಿಕಿ ರೋಫೂ. 1889ರಲ್ಲಿ ಹ್ಯೋಗೊ ಪ್ರಾಂತ್ಯದ ತತ್ಸುನೊ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಅವರಿಗೆ ಸುಮಾರು ಆರು ವರ್ಷವಾಗಿದ್ದಾಗ ತಂದೆತಾಯಿ ಬೇರೆಯಾದರು. ತಾಯಿ ತವರಿಗೆ ಹೋದಳು, ಮಗು ಅಜ್ಜನ ಮನೆಯಲ್ಲಿ ಬೆಳೆಯಿತು. ಹಾಡಿನಲ್ಲಿ ಒಬ್ಬ ದೊಡ್ಡ ಮನುಷ್ಯ ಸಂಜೆಗೆಂಪಿನಲ್ಲಿ ಆ ಕೀಟವನ್ನು ಕಂಡು, ತಾನು ಮಗುವಾಗಿ ಯಾರದೋ ಬೆನ್ನ ಮೇಲಿದ್ದಾಗ ಅದನ್ನು ಕಂಡದ್ದನ್ನು ನೆನೆಯುತ್ತಾನೆ. ಆ ಬೆನ್ನು ತಾಯಿಯದಲ್ಲ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದ ಹುಡುಗಿಯದು. ಹದಿನೈದನೇ ವಯಸ್ಸಿಗೆ ಅವಳ ಮದುವೆಯಾಗುತ್ತದೆ. ಊರಿನಿಂದ ಬರುತ್ತಿದ್ದ ಸುದ್ದಿಯೂ ನಿಂತುಹೋಗುತ್ತದೆ. 'ಬೆನ್ನ ಮೇಲೆ ಹೊತ್ತ' ಎಂಬುದಕ್ಕೂ 'ಅಟ್ಟಿಸಿಕೊಂಡು ಬಂದ' ಎಂಬುದಕ್ಕೂ ಜಪಾನಿಯಲ್ಲಿ ಕೇಳಲು ಒಂದೇ ಪದ. ಆದ್ದರಿಂದ ಕೀಟ ಯಾರನ್ನೋ ಅಟ್ಟುತ್ತಿದೆ ಎಂದೇ ತಿಳಿದುಕೊಂಡು ಹಾಡಿದ ಮಕ್ಕಳೂ ಬಹಳ.

ರೋಫೂ ಇದನ್ನು 1921ರಲ್ಲಿ, ಜಪಾನಿನ ಉತ್ತರ ತುದಿಯ ಹೊಕ್ಕೈದೊದ ಕ್ರೈಸ್ತ ಮಠವೊಂದರಲ್ಲಿ ಶಿಕ್ಷಕರಾಗಿದ್ದಾಗ ಬರೆದರು. ಕೊನೆಯ ಚರಣಕ್ಕೆ ಅವರು ಶಾಲಾ ಬಾಲಕನಾಗಿದ್ದಾಗ ಕಟ್ಟಿದ ಹೈಕುವೊಂದೇ ಆಧಾರ. 1927ರಲ್ಲಿ ಯಮಾದಾ ಕೋಸಾಕು ರಾಗ ಹಾಕಿದರು. ಯಮಾದಾ ಜರ್ಮನಿಯಲ್ಲಿ ಕಲಿತು ಬಂದವರಾದರೂ ಮಾತಿನ ಏರಿಳಿತವನ್ನು ರಾಗ ಮುರಿಯಬಾರದು ಎಂಬ ಹಠವಿದ್ದವರು. ಆಗಿನ ತೋಕಿಯೊ ನುಡಿಯಲ್ಲಿ 'ಅಕಾ ತೊಂಬೊ' ಎನ್ನುವಾಗ 'ಅ' ಮೇಲಿನ ಸ್ಥಾಯಿಯಲ್ಲಿ ಹುಟ್ಟಿ 'ಕ' ಕೆಳಗಿಳಿಯುತ್ತಿತ್ತು. ರಾಗವೂ ಹಾಗೆಯೇ ಇಳಿಯುತ್ತದೆ. ಇಂದಿನವರು ಆ ಪದವನ್ನು ಬೇರೆ ಏರಿಳಿತದಲ್ಲಿ ನುಡಿಯುತ್ತಾರೆ. ಹಳೆಯ ಉಚ್ಚಾರ ಹಾಡಿನೊಳಗೆ ಉಳಿದುಕೊಂಡಿದೆ. 1989ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್.ಎಚ್.ಕೆ. ಮೂಲಕ ನಡೆದ ಸಮೀಕ್ಷೆಯಲ್ಲಿ ಜನ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. ಮಗನನ್ನು ಬಿಟ್ಟು ಹೋಗಬೇಕಾಗಿ ಬಂದ ಆ ತಾಯಿ ಕತಾ, ಮುಂದೆ ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದು 1962ರಲ್ಲಿ ತೀರಿಕೊಂಡರು. ಅವರ ಸಮಾಧಿಯ ಕಲ್ಲಿನ ಮೇಲೆ ಅವರ ಗುರುತಾಗಿ ಇರುವುದು ಅಕಾ ತೊಂಬೊದ ತಾಯಿ ಎಂಬುದೇ.

ಇನ್ನು ಎರಡು ಹಾಡುಗಳು ಅವಳಿಗಳಂತಿವೆ. ಎರಡನ್ನೂ ಬರೆದವರು ನೊಗುಚಿ ಉಜೋ, ರಾಗ ಹಾಕಿದವರು ಮೊತೊಓರಿ ನಾಗಯೊ. 'ಅಕಾಯ್ ಕುತ್ಸು' ಎಂದರೆ ಕೆಂಪು ಬೂಟು. ಕೆಂಪು ಬೂಟು ತೊಟ್ಟ ಪುಟ್ಟ ಹುಡುಗಿಯೊಬ್ಬಳನ್ನು ಯೊಕೊಹಾಮಾ ಬಂದರಿನಿಂದ ಪರದೇಶದವನೊಬ್ಬ ಹಡಗಿನಲ್ಲಿ ಕರೆದುಕೊಂಡು ಹೋದ, ಈಗ ಅವಳ ಕಣ್ಣೂ ನೀಲಿಯಾಗಿರಬಹುದು ಎಂದು ಯೋಚಿಸುವ ಹಾಡು ಅದು. ನಿಜಕ್ಕೂ ಅಂಥ ಹುಡುಗಿ ಇದ್ದಳು, ಆದರೆ ಅವಳು ಹಡಗು ಹತ್ತಲೇ ಇಲ್ಲ, ಕ್ಷಯದಿಂದ ಒಂಬತ್ತನೇ ವಯಸ್ಸಿಗೆ 1911ರಲ್ಲಿ ತೋಕಿಯೊದ ಅನಾಥಾಲಯದಲ್ಲಿ ತೀರಿಕೊಂಡಳು ಎಂಬ ವಾದ 1970ರ ದಶಕದಲ್ಲಿ ಹೊರಬಂತು. ಅದನ್ನು ಒಪ್ಪದ ಸಂಶೋಧಕರೂ ಇದ್ದಾರೆ. 1979ರಲ್ಲಿ ಯೊಕೊಹಾಮಾದ ಯಮಾಶಿತಾ ಉದ್ಯಾನದಲ್ಲಿ ಅವಳದೊಂದು ಪ್ರತಿಮೆ ಎದ್ದಿತು. ಸಮುದ್ರದ ಕಡೆ ನೋಡುತ್ತಾ ಕೂತ ಹುಡುಗಿ.

ಇನ್ನೊಂದು ಹಾಡು 1921ರ 'ಅಓಯಿ ಮೆ ನೊ ನಿಂಗ್ಯೋ', ಅಂದರೆ ನೀಲಿ ಕಣ್ಣಿನ ಬೊಂಬೆ. ಇಲ್ಲಿ ಪ್ರಯಾಣದ ದಿಕ್ಕು ಬದಲಾಗಿದೆ. ಅಮೆರಿಕದಲ್ಲಿ ಹುಟ್ಟಿದ ಸೆಲ್ಯುಲಾಯ್ಡ್ ಬೊಂಬೆಯೊಂದು ಜಪಾನಿನ ಬಂದರಿಗೆ ಬಂದಿಳಿದಿದೆ. ಅದರ ಕಣ್ಣಲ್ಲಿ ನೀರು. ತನಗೆ ಇಲ್ಲಿನ ಮಾತು ಬಾರದು, ದಾರಿ ತಪ್ಪಿದರೆ ಗತಿಯೇನು ಎಂಬ ಭಯ. ಈ ಪರದೇಶಿಯೊಂದಿಗೆ ಗೆಳೆತನದಿಂದ ಆಡಿ ಎಂದು ಹಾಡು ಜಪಾನಿನ ಹುಡುಗಿಯರನ್ನು ಕೇಳಿಕೊಳ್ಳುತ್ತದೆ. ಭಾಷೆ ಬಾರದೆ ಬಂದಿಳಿದವರ ಸಂಕಟವನ್ನು ಇಷ್ಟು ಸರಳವಾಗಿ ಹೇಳಿದ ಮಕ್ಕಳ ಹಾಡುಗಳು ಲೋಕದಲ್ಲಿ ಹೆಚ್ಚಿರಲಿಕ್ಕಿಲ್ಲ.

ಆಮೇಲೆ ನಡೆದದ್ದು ಹಾಡಿಗಿಂತ ದೊಡ್ಡ ಕತೆ. 1924ರಲ್ಲಿ ಅಮೆರಿಕ ತಂದ ವಲಸೆ ಕಾನೂನು ಜಪಾನಿಯರಿಗೆ ಬಾಗಿಲು ಮುಚ್ಚಿತು. ಎರಡು ದೇಶಗಳ ನಡುವೆ ಹಗೆ ಬೆಳೆಯುತ್ತಿರುವುದನ್ನು ಕಂಡು ಕಳವಳಗೊಂಡವರು ಸಿಡ್ನಿ ಗುಲಿಕ್ ಎಂಬ ಪಾದ್ರಿ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಜಪಾನಿನಲ್ಲಿದ್ದ ಅವರಿಗೆ ಅಲ್ಲಿ ಮಾರ್ಚ್ 3ರಂದು ಹೆಣ್ಣುಮಕ್ಕಳು ಬೊಂಬೆಹಬ್ಬ ಆಚರಿಸುವುದು ಗೊತ್ತಿತ್ತು. ದೊಡ್ಡವರ ಮನಸ್ಸು ಕೆಟ್ಟಿದ್ದರೆ ಮಕ್ಕಳಿಂದ ಶುರುಮಾಡೋಣ ಎಂದು ಅವರು ಅಮೆರಿಕದ ಮಕ್ಕಳಿಂದ ಬೊಂಬೆಗಳನ್ನು ಸಂಗ್ರಹಿಸಿದರು. ಪ್ರತಿ ಬೊಂಬೆಗೂ ಒಂದು ಹೆಸರು, ಪಾಸ್‌ಪೋರ್ಟು, ಹಡಗಿನ ಟಿಕೆಟು, ಜೊತೆಗೊಂದು ಕಾಗದ. 1927ರಲ್ಲಿ 12,739 ಬೊಂಬೆಗಳು ಜಪಾನಿಗೆ ಬಂದವು. ಅಲ್ಲಿ ಅವುಗಳ ಸ್ವಾಗತದ ಹೊಣೆ ಹೊತ್ತವರು ಹಿರಿಯ ಉದ್ಯಮಿ ಶಿಬುಸಾವಾ ಐಯಿಚಿ. ದೇಶದುದ್ದಕ್ಕೂ ಶಾಲೆ, ಶಿಶುವಿಹಾರಗಳಿಗೆ ಅವುಗಳನ್ನು ಹಂಚಲಾಯಿತು. ಜನರು ಅವುಗಳನ್ನು ಕರೆದದ್ದು ಹಾಡಿನ ಹೆಸರಿನಿಂದಲೇ: 'ಅಓಯಿ ಮೆ ನೊ ನಿಂಗ್ಯೋ'. ಅದೇ ವರ್ಷದ ಕೊನೆಗೆ ಜಪಾನಿನ ಮಕ್ಕಳ ಕಡೆಯಿಂದ ಕಿಮೊನೊ ತೊಟ್ಟ 58 ದೊಡ್ಡ ಬೊಂಬೆಗಳು ಅಮೆರಿಕಕ್ಕೆ ಹೋದವು.

1941ರ ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ನಂತರದ ವರ್ಷಗಳಲ್ಲಿ ಆ ಬೊಂಬೆಗಳು ಶತ್ರುದೇಶದವು ಎಂದಾಯಿತು. ಹಲವೆಡೆ ಅವುಗಳನ್ನು ಸುಟ್ಟರು, ಮಕ್ಕಳ ಕಣ್ಣೆದುರಿಗೇ ಬಿದಿರಿನ ಈಟಿಯಿಂದ ತಿವಿದರು. ಯಾವ ಅಂಗಳದಲ್ಲಿ ಹಾಡು ಹೇಳಿ ಬೊಂಬೆಯನ್ನು ಬರಮಾಡಿಕೊಂಡಿದ್ದರೋ ಅದೇ ಅಂಗಳದಲ್ಲಿ ಈ ಕೆಲಸ ನಡೆಯಿತು. ಹಾಡಿನ ಮೇಲೂ ಕಣ್ಣುಬಿತ್ತು. 1943ರ ಜನವರಿಯಲ್ಲಿ ಸರಕಾರವು ಅಮೆರಿಕ ಮತ್ತು ಬ್ರಿಟನ್ನಿನ ಸುಮಾರು ಸಾವಿರ ಸಂಗೀತ ಕೃತಿಗಳನ್ನು ನಿಷೇಧಿಸಿತು. ಶಾಲೆಗಳಲ್ಲಿ ದೊ-ರೆ-ಮಿ ಬದಲಿಗೆ ಇರೋಹದ ಅಕ್ಷರಗಳಲ್ಲಿ ಸ್ವರ ಹೇಳಿಸುವ ಪದ್ಧತಿ ಅದಕ್ಕೂ ಮೊದಲೇ, 1941ರಲ್ಲಿ ಜಾರಿಗೆ ಬಂದಿತ್ತು. ಅಕ್ಷರಗಳಿಗೂ ಸಮವಸ್ತ್ರ ತೊಡಿಸಿದ ಕಾಲವದು. ಜಪಾನಿನ ವಸಾಹತುಗಳಾಗಿದ್ದ ಕೊರಿಯಾ, ತೈವಾನ್‌ಗಳ ಮಕ್ಕಳಂತೂ ತಮ್ಮ ತಾಯಿನುಡಿಯನ್ನು ಬದಿಗಿಟ್ಟು ಶಾಲೆಯಲ್ಲಿ ಜಪಾನಿ ಹಾಡುಗಳನ್ನೇ ಹಾಡಬೇಕಿತ್ತು ಎಂಬುದನ್ನೂ ಮರೆಯಬಾರದು. ಪರಭಾಷೆಯ ನಡುವೆ ಕಣ್ಣೀರು ತುಂಬಿ ನಿಂತ ಬೊಂಬೆಗಾಗಿ ಮರುಗಿದ ನಾಡು, ತನ್ನ ಆಳ್ವಿಕೆಯ ಕೆಳಗಿದ್ದ ಮಕ್ಕಳ ಭಾಷೆಗಾಗಿ ಮರುಗಲಿಲ್ಲ.

ಈಗ ಮೊದಲ ಹಾಡಿಗೆ ಮರಳೋಣ. ಅಮೆರಿಕದ ಬೊಂಬೆಗಳನ್ನು ಸುಟ್ಟ ಶಾಲೆಗಳಲ್ಲಿ ವರ್ಷದ ಕೊನೆಗೆ ಬೀಳ್ಕೊಡುಗೆಗೆ 'ಅಓಗೆಬಾ ತೋತೋಶಿ' ಹಾಡುತ್ತಿದ್ದರು. ಅದು ಅಮೆರಿಕದ ಶಾಲೆಯ ಧಾಟಿ ಎಂದು ಯಾರಿಗೂ ಗೊತ್ತಿರಲಿಲ್ಲ. ಮಿಂಚುಹುಳದ ಹಾಡಿನ ಮೂಲ ಗೊತ್ತಿತ್ತಾದರೂ ಅದು ಜನರ ಬದುಕಿನಲ್ಲಿ ಬೆರೆತುಹೋಗಿದೆ ಎಂದು ನಿಷೇಧದಿಂದ ಬಿಟ್ಟರು. ಅಂದರೆ ಶತ್ರುವೆಂದು ಹಣೆಪಟ್ಟಿ ಹಚ್ಚಿದ್ದು ಕಣ್ಣಿಗೆ ಬೇರೆಯಾಗಿ ಕಂಡದ್ದಕ್ಕೆ ಮಾತ್ರ. ಎದೆಯೊಳಗೆ ಸೇರಿಹೋದದ್ದನ್ನು ಗುರುತಿಸುವುದಕ್ಕೂ ಆಗಲಿಲ್ಲ, ಕಿತ್ತು ಹಾಕುವುದಕ್ಕೂ ಆಗಲಿಲ್ಲ. ಅಪ್ಪಟ ಸ್ವದೇಶಿ ಎಂದು ಎತ್ತಿ ಹಿಡಿದದ್ದರಲ್ಲಿ ಎಷ್ಟು ಅಪ್ಪಟ, ಎಷ್ಟು ಸ್ವದೇಶಿ ಎಂದು ತೂಗಿ ನೋಡುವ ತಕ್ಕಡಿ ಯಾರ ಬಳಿಯೂ ಇರಲಿಲ್ಲ. ಮುಂದೆ ಆ ಹಾಡು ಚೀನೀ ಮಾತು ತೊಟ್ಟು ತೈವಾನಿನ ಶಾಲೆಗಳ ಬೀಳ್ಕೊಡುಗೆಯಲ್ಲೂ ಉಳಿಯಿತು.

ಎಲ್ಲ ಬೊಂಬೆಗಳೂ ಬೂದಿಯಾಗಲಿಲ್ಲ. ಕೆಲವು ಶಿಕ್ಷಕರು ತಮಗೆ ಬರಬಹುದಾದ ಕುತ್ತನ್ನು ಲೆಕ್ಕಿಸದೆ ಅವುಗಳನ್ನು ಅಟ್ಟದ ಮೇಲೆ, ಕಪಾಟಿನ ಹಿಂದೆ ಬಚ್ಚಿಟ್ಟರು. ಯುದ್ಧ ಮುಗಿದು ದಶಕಗಳಾದ ಮೇಲೆ ಹಳೆಯ ಶಾಲಾ ಕಟ್ಟಡಗಳನ್ನು ಶುಚಿಗೊಳಿಸುವಾಗ ಒಂದೊಂದೇ ಹೊರಬಂದವು. ಹಾಗೆ ಉಳಿದವು ಮುನ್ನೂರಕ್ಕೂ ಹೆಚ್ಚು. ಹಾಡು ಬರೆದ ನೊಗುಚಿ 1945ರ ಜನವರಿಯಲ್ಲಿ, ರಾಗ ಹಾಕಿದ ಮೊತೊಓರಿ ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡರು. ಬೊಂಬೆಗಳನ್ನು ಕಳಿಸಿದ ಗುಲಿಕ್ ಕಣ್ಮುಚ್ಚಿದ್ದೂ 1945ರಲ್ಲೇ. 2007ರ 101 ಹಾಡುಗಳ ಪಟ್ಟಿಯಲ್ಲಿ ಕೆಂಪು ಬೂಟಿನ ಹಾಡಿದೆ, ನೀಲಿ ಕಣ್ಣಿನ ಬೊಂಬೆಯ ಹಾಡಿಲ್ಲ.

ಅದೇ ಪಟ್ಟಿಯಲ್ಲಿ 'ಅಮೆಫುರಿ' ಇದೆ. 1925ರಲ್ಲಿ ಹಕುಶೂ ಬರೆದು ನಕಾಯಾಮಾ ಶಿಂಪೇಯ್ ರಾಗ ಹಾಕಿದ ಮಳೆಯ ಹಾಡು. ಮಳೆ ಬರುತ್ತಿದೆ, ಅಮ್ಮ ಛತ್ರಿ ಹಿಡಿದು ಮಗುವನ್ನು ಕರೆದೊಯ್ಯಲು ಬಂದಿದ್ದಾಳೆ. ದಾರಿಯಲ್ಲಿ ಮರದ ಬುಡದಲ್ಲಿ ಇನ್ನೊಂದು ಮಗು ನೆನೆಯುತ್ತಾ ಅಳುತ್ತಿದೆ. ಮೊದಲ ಮಗು ತನ್ನ ಛತ್ರಿಯನ್ನು ಅದಕ್ಕೆ ಕೊಟ್ಟು, ತಾನು ಅಮ್ಮನ ದೊಡ್ಡ ಛತ್ರಿಯಡಿ ಸೇರಿಕೊಳ್ಳುತ್ತದೆ. ಅಳುವ ಮಗು ಯಾರದು, ಯಾವ ಊರಿನದು ಎಂದು ಹಾಡು ಕೇಳುವುದಿಲ್ಲ. ಜಪಾನಿನ ಮೂರು-ನಾಲ್ಕು ವರ್ಷದ ಮಕ್ಕಳು ಇಂದಿಗೂ ಇದನ್ನು ಹಾಡುತ್ತಾರೆ.

ಭಾರತದಿಂದ ಹೋದ ಅಕ್ಷರಕ್ರಮ, ಅಮೆರಿಕದಿಂದ ಬಂದ ಧಾಟಿ, ಜರ್ಮನಿಯಲ್ಲಿ ಕಲಿತವನ ರಾಗ, ಕ್ರೈಸ್ತ ಮಠದಲ್ಲಿ ಕೂತು ಬರೆದ ನೆನಪು, ಇಷ್ಟೆಲ್ಲ ಸೇರಿ ಜಪಾನಿನ ಅಚ್ಚ ಜಪಾನಿ ಹಾಡುಗಳಾಗಿವೆ. ಸಂಸ್ಕೃತಿಯನ್ನು ಶುದ್ಧಗೊಳಿಸುತ್ತೇವೆಂದು ಹೊರಟವರು ಎಲ್ಲ ಕಾಲದಲ್ಲೂ, ಎಲ್ಲ ನಾಡಿನಲ್ಲೂ ಇದ್ದಾರೆ. ಅವರ ಕೈಗೆ ಮೊದಲು ಸಿಗುವುದು ಬೊಂಬೆಗಳು. ಅವರ ಕಣ್ಣು ತಪ್ಪಿಸಿ ಒಂದನ್ನು ಅಟ್ಟದ ಮೇಲೆ ಬಚ್ಚಿಡುವ ಒಬ್ಬ ಶಿಕ್ಷಕನಾದರೂ ಪ್ರತಿ ಊರಿನಲ್ಲಿ ಇರಲಿ ಎಂದು ನಾವು ಆಶಿಸಬಹುದು.